ಖಾರಜುವೆಯ ಏರಿ

ನಡೆದು ಹತ್ತಿದವರಿಗೆ ಫೆರಿ ಪುಕ್ಕಟೆ.
ಮಾಂಡವಿ ದಾಟಾಕ ಏಳು ಮಿನಿಟು,
ಅಷ್ಟರಾಗ ಕಾಯ್ತಾನ್ ಮೇಸ್ತ್ರಿ ಅರ್ಧ ಕೊಂಕಣಿ ಅರ್ಧ ಹಿಂದಿಯೊಳಗ
ಊರಿನ ಭೂಗೋಳ ಹೇಳಿ ಮುಗಿಸಿದ:
ನಡುವ ಗುಡ್ಡ, ನೆತ್ತಿ ಮ್ಯಾಲ ಇಗರ್ಜಿ,
ಬುಡಕ್ಕ ಮನಿ, ಮನಿ ಮುಂದ ಗದ್ದಿ,
ಗದ್ದಿ ಸುತ್ತ ಏರಿ.
ಏರಿ ಆಚೆ ಏನೈತಿ ಅನ್ನೂದು
ಅದು ಒಡೆದ ದಿನ ಗೊತ್ತಾಗತೈತಿ.

ಒಡೆದಿತ್ತು. ಅದಕ್ಕ ನಾವು ಬಂದಿದ್ವಿ,
ರೋಣದ ಕಡೆಯಿಂದ ಹನ್ನೆರಡು ಮಂದಿ, ಒಂಬತ್ತು ಸಲಿಕಿ.
ನಮಗಿಲ್ಲಿ ಘಾಂಟಿ ಅಂತಾರ,
ಘಟ್ಟದ ಮ್ಯಾಲಿನವರು ಅಂತ.
ಬೈಗಳಾನೂ ಹೌದು, ವಿಳಾಸಾನೂ ಹೌದು.

ನಮ್ಮಪ್ಪ ಕಟ್ಟಿದ ಕೆರಿ ಏರಿ ನೀರು ಒಳಗ ಇಡಾಕ.
ಇಲ್ಲಿ ಏರಿ ನೀರು ಹೊರಗ ಇಡಾಕ.
ಅದೇ ಬುಟ್ಟಿ, ಅದೇ ಸಿಂಬಿ,
ಆದ್ರ ಮೊದಲ ವಾರ ಎಡಗೈಲೆ ಉಂಡಂಗಿತ್ತು.
ತೂಬಿಗೆ ಇವರು ಮಾನಸ್ ಅಂತಾರ.
ಹಲಗಿ ಬಾಗಲ. ಇಳಿತಕ್ಕ ತಾನೇ ತೆಗೀತೈತಿ,
ಭರತಿಗೆ ತಾನೇ ಮುಚ್ಚತೈತಿ.
ಮನಸಿನಂಗ ಅಲ್ಲ ನೋಡು, ಅಂದ್ಳು ಹುಲಿಗೆವ್ವ,
ಮನಸು ಇಷ್ಟು ಹೇಳಿದ್ದ ಕೇಳೂದಿಲ್ಲ.

ಚರಿತ್ರಿ ಹೇಳಿದಾಕಿ ಪೆರ್ಪೆತಿನ್ ಮಾಯ್,
ಮದುವಿ ಆಗದಾಕಿ, ಮಾನಸ್ ಕೀಲಿ ಸೊಂಟದಾಗ ಇಟ್ಟಾಕಿ.
ಒಂದು ಅಮಾಸಿ ರಾತ್ರಿ
ದೇವರು ಭತ್ತದ ಬುಟ್ಟಿಯೊಳಗ ಕುಂತು ಹೊಳಿ ದಾಟಿತಂತ.
ಹಿಂದ ಪೂಜಾರಿ ದಾಟಿದ, ಗಂಟಿ ದಾಟಿತು.
"ನಾವು ದಾಟಲಿಲ್ಲ.
ಗದ್ದಿ ಬಿಡಬೇಕೋ ಹೆಸರು ಬಿಡಬೇಕೋ ಅಂದ್ರು,
ಹೆಸರು ಹಗರ ಇತ್ತು."
ಈಗೂ ಆಚೆ ದಂಡಿ ಗುಡಿಗೆ ವರ್ಷಕ್ಕೊಂದು ಸೇರು ಎಣ್ಣಿ ಹೋಗತೈತಿ.
ಪಾದ್ರಿಗೆ ಹೇಳಬ್ಯಾಡ ಅಂದ್ಳು.
ಪಾದ್ರಿ ಅಲ್ಲೇ ಕುಂತಿದ್ದ, ಕಾಲುವಿಗೆ ಗಾಳ ಹಾಕಿ.

ಮುಂದ ಪ್ಲೇಗು. ಮುಂದ ಹಡಗು,
ಗಂಡಸರೆಲ್ಲ ಹಡಗಿನ ಅಡಿಗಿಮನಿಗೆ.
ಎಪ್ಪತ್ತು ಮನಿ ಇದ್ದದ್ದು ಮೂವತ್ತೆಂಟು.
ರಾಜ ಬದಲಾದ, ಬಾವುಟ ಬದಲಾತು,
"ವೈರಿ ಒಬ್ಬನೇ ಉಳಿದಾನ" ಅಂತ ಕೈ ಮಾಡಿದಳು.
ಏರಿ ಮ್ಯಾಲ ಒಂದು ಏಡಿ,
ಬೆರಳಷ್ಟು ತೂತಿನ ಬಾಗಲದಾಗ ನಿಂತು
ನಮ್ಮನ್ನು ನೋಡಾಕ ಹತ್ತಿತ್ತು.

ಬುಡ ಅಗಿಯೂವಾಗ ಹುಲಿಗೆವ್ವನ ಸಲಿಕಿಗೆ ಕಲ್ಲು ತಾಗಿತು.
ತೊಳದರ ಅಕ್ಷರ.
ಸಾಲಿ ಟೀಚರು ಬಗ್ಗಿ ನೋಡಿ
ಇದು ನಿಮ್ಮ ಲಿಪಿ, ಓದು ಅಂದ್ಳು.
ನನ್ನದು ನಾಕನೆತ್ತಿ.
ಹುಳ ಹರಿದಂಗಿತ್ತು, ಒಂದು ರ ಅಷ್ಟೇ ಗುರುತು ಸಿಕ್ಕಿತು,
ಅದೂ ಖರೇ ರ ಹೌದೋ ಅಲ್ಲೋ.
ಇಪ್ಪತ್ತು ಮಂದಿ ನನ್ನ ಬಾಯಿ ನೋಡತಿದ್ರು.
ಈ ನಡುಗಡ್ಡಿಯೊಳಗ ಯಾರರ ನನಗ ಏನರ ಕೇಳಿದ್ದು
ಅದೇ ಮೊದಲು.

ಬೆರಳಿಟ್ಟೆ. ಸಾವಕಾಶ ಓದಿದೆ:
ಈ ಏರಿ ಕಟ್ಟಿದವರಿಗೆ
ಮಧ್ಯಾಹ್ನ ಗಂಜಿ, ಉಪ್ಪಿನಕಾಯಿ, ತಲಿಗೊಂದು ಮೀನು.
ತಪ್ಪಿಸಿದವರ ಗದ್ದಿಗೆ
ಏಳು ತಲಿತನಕ ಉಪ್ಪುನೀರು ಹೊಗಲಿ.

ಕಾಯ್ತಾನ್ ಶಿಲುಬಿ ಮಾಡಿಕೊಂಡ.

ಮರುದಿನ ಬಂತು ಗಂಜಿ, ದೊಡ್ಡ ಹಂಡೇದಾಗ.
ನನ್ನ ಎಲಿಗೆ ಮೀನು ಹಾಕ್ತಾ ಪೆರ್ಪೆತಿನ್
ಯಾರಿಗೂ ಕೇಳಸದಂಗ ಅಂದ್ಳು:
"ನಿನಗ ಓದಾಕ ಬರೂದಿಲ್ಲ."
"ಇಲ್ಲ."
"ನಮ್ಮ ಊರ ದಫ್ತರಾನೂ ಹಂಗ ಬರದಾರ,
ಬೇಕಾದವರು ಬೇಕಾದ್ದು.
ಮೀನಿನ್ಯಾಗ ಮುಳ್ಳೈತಿ, ನೋಡಿ ತಿನ್ನು."

ಪಣಜಿಯಿಂದ ಸಾಹೇಬ ಬರ್ತಾನ, ಕಲ್ಲು ಒಯ್ತಾನ ಅಂದ್ರು.
ಅದಕ್ಕೂ ಮೊದಲ ಹುಣ್ಣಿವಿ ಭರತಿ ಬಂತು.
ರಾತ್ರಿ ಎರಡಕ್ಕ ಮೂಲ್ಯಾಗ ನೀರು ಸೀಳಿತು,
ಕೈಗೆ ಬ್ಯಾರೆ ಕಲ್ಲು ಸಿಗಲಿಲ್ಲ.
ಟೀಚರ್ ಕಂದೀಲು ಹಿಡಿದಿದ್ದಳು.
ಬ್ಯಾಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ.
ನಾಕು ಮಂದಿ ಎತ್ತಿ, ಬರಹ ಗದ್ದಿ ಕಡೆ ಮಾಡಿ ಇಟ್ಟಿವಿ,
ಮ್ಯಾಲ ಹುಲಿಗೆವ್ವ ಮೂರು ಬುಟ್ಟಿ ಜೇಡಿ ಸುರುವಿ
ಹಿಮ್ಮಡದಿಂದ ತುಳಿದಳು.

ಬೆಳಕು ಹರಿದ ಮ್ಯಾಲ ಹೋಗಿ ನೋಡಿದರ
ಹಸಿ ಮಣ್ಣಿನ್ಯಾಗ, ಕಲ್ಲಿನ ಪಕ್ಕಕ್ಕೇ,
ಬೆರಳಷ್ಟು ತೂತು.